ಮೂರನೇ ಕೂಗು

ಶೀಳನೆರೆಗೆ ಹೋಗಿ ಕುಳ್ಳಯ್ಯನ ಮನೆ ಯಾವುದು ಅಂತ ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಮೂರು ಕೂಗಿನ ಮನೆ ಅಂದರೆ ಮಾತ್ರ ಹಾಲಿನ ಡೈರಿ ಮುಂದೆ ನಿಂತವರು ಯಾರಾದರೂ ತಟ್ಟನೆ ಕೈ ತೋರಿಸುತ್ತಾರೆ. ಆ ಮನೆಯವರನ್ನು ಒಂದು ಸಲ ಕರೆದರೆ ಓಗೊಡುವುದಿಲ್ಲ, ಎರಡು ಸಲ ಕರೆದರೂ ಇಲ್ಲ. ಮೂರನೇ ಸಲಕ್ಕೆ 'ಓ' ಅನ್ನುತ್ತಾರೆ. ಸೊಕ್ಕು ಅಂತ ತಿಳಿದವರಿದ್ದಾರೆ, ಕಿವಿ ಮಂದ ಅಂತ ಮರುಗಿದವರೂ ಇದ್ದಾರೆ. ಎರಡೂ ಅಲ್ಲ. ಹಿಂದಿನವರಿಂದ ಬಂದ ರೂಢಿ. ಹೋದ ಬೇಸಿಗೆಯಲ್ಲಿ ಅದೇ ರೂಢಿ ಕುಳ್ಳಯ್ಯನ ಪ್ರಾಣ ತೆಗೆಯುವುದರಲ್ಲಿತ್ತು.

ಅವನು ಒಂದನೇ ತರಗತಿಗೆ ಸೇರಿದಾಗಲೇ ಇದರ ತೊಂದರೆ ಶುರುವಾಗಿತ್ತು. ಮೇಷ್ಟ್ರು ಹಾಜರಿ ಕೂಗುವಾಗ ಹುಡುಗ ಎದುರಿಗೇ ಕೂತು, ತನ್ನ ಹೆಸರು ಬಂದದ್ದನ್ನು ಕೇಳಿಸಿಕೊಂಡು, ಇನ್ನೆರಡು ಕೂಗಿಗೆ ಕಾಯುತ್ತಿದ್ದ. ಮೇಷ್ಟ್ರಿಗೆ ಅಷ್ಟು ಪುರುಸೊತ್ತೆಲ್ಲಿ? ದಿನವೂ ಶಾಲೆಗೆ ಹೋಗಿ ದಿನವೂ ಗೈರುಹಾಜರಾದ ಹುಡುಗ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಅವನೊಬ್ಬನೇ ಇರಬೇಕು. ಕೊನೆಗೆ ಅವನ ಸೋದರತ್ತೆ ಸೋಮಮ್ಮ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ಹೋಗಿ, "ನಮ್ಮೈದನ್ನ ಮೂರ್ ಸತಿ ಕೂಗಿ ಮೇಷ್ಟ್ರೆ, ನಿಮ್ ಗಂಟೇನ್ ಓಯ್ತದೆ?" ಅಂತ ಕೇಳಿ ಬಂದಳು. ಮೇಷ್ಟ್ರು ನಕ್ಕರು. ಮೂರು ಸಲ ಕೂಗಲಿಲ್ಲ. ಕುಳ್ಳಯ್ಯನ ಓದು ಅಲ್ಲಿಗೆ ನಿಂತಿತು.

ಅಪ್ಪ ಬಾವಿ ಕೆಲಸದವನು. ಮಗನೂ ಅದಕ್ಕೇ ಇಳಿದ. ಕುಳ್ಳಗೆ, ತೆಳ್ಳಗೆ ಇದ್ದ ಅವನ ಮೈ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ನಾಗಮಂಗಲದ ತೋಟದ ಬಾವಿಗಳಿಂದ ಹಿಡಿದು ಗಂಜಾಂನ ಹಳೇ ಮನೆಗಳ ಸೇದುಬಾವಿಗಳವರೆಗೆ ಹೂಳು ತೆಗೆದ, ಬಿದ್ದ ಮೋಟಾರು ಎತ್ತಿದ. ಬಾವಿಯೊಳಗೆ ಮೂರು ಕೂಗಿನ ರೂಢಿಗೆ ಒಂದು ಅರ್ಥವೂ ಇತ್ತು. ಮೊದಲು ಕೇಳಿದ್ದು ಗಾಳಿಯ ಸದ್ದಿರಬಹುದು, ಎರಡನೆಯದು ಬಾವಿಯೇ ತಿರುಗಿಸಿ ಕೊಟ್ಟ ದನಿ ಇರಬಹುದು, ಮೂರನೇ ಸಲವೂ ಬಂದರೆ ಮನುಷ್ಯರೇ ಕರೆಯುತ್ತಿದ್ದಾರೆ ಅಂತ ಅಪ್ಪ ಹೇಳಿಕೊಟ್ಟಿದ್ದ. ಮಗ ನಂಬಿದ್ದ.

ಮದುವೆಯಾಗಿ ಬಂದ ಮಂಚಮ್ಮನಿಗೆ ಇದು ಅಭ್ಯಾಸವಾಗಲು ಬಹಳ ಕಾಲ ಹಿಡಿಯಿತು. ಮುದ್ದೆ ಮಾಡಿಟ್ಟು, ಗಂಡನ ಹೆಸರು ಹೇಳುವ ಹಾಗಿಲ್ಲದ್ದರಿಂದ ಮಗಳ ಹೆಸರು ಹಿಡಿದು "ಮಾನಸ್ನಪ್ಪಾ" ಅಂತ ಮೂರು ಸಲ ಕೂಗುತ್ತಿದ್ದಳು. ಮೂರನೆಯದಕ್ಕೆ ಯಾವಾಗಲೂ ಸಿಟ್ಟು ಸೇರಿರುತ್ತಿತ್ತು. ಆ ಮನೆಯ ಇನ್ನೊಂದು ವಿಚಿತ್ರವೆಂದರೆ ಅಳಗುಳಿ ಮಣೆಗೆ ಅಲ್ಲಿ ಜಾಗವಿರಲಿಲ್ಲ. ಮಂಚಮ್ಮ ತವರಿನಿಂದ ತಂದ ಮಣೆಯನ್ನು ಸೋಮಮ್ಮ ಅದೇ ದಿನ ಒಲೆಗೆ ಹಾಕಿದಳು. ಯಾಕೆ ಅಂತ ಕೇಳಿದ್ದಕ್ಕೆ, "ನಮ್ಮಪ್ಪಂಗೆ ಆಗ್ತಿರ್ನಿಲ್ಲ" ಅಂದಳೇ ಹೊರತು ಮುಂದೆ ಬಾಯಿ ಬಿಡಲಿಲ್ಲ. ಹೊಸ ಸೊಸೆ ಅತ್ತಳು. ಮುದುಕಿ ಸಮಾಧಾನ ಮಾಡಿದಳು, ಆದರೆ ಮಣೆ ಉರಿದದ್ದು ಉರಿದೇ ಹೋಯಿತು.

ಶೀಳನೆರೆಗೂ ಚಿನಕುರಳಿಗೂ ನಡುವೆ ಒಂದು ಬೋಳು ದಿಣ್ಣೆಯಿದೆ. ಕಂಪ್ನಿ ದಿಣ್ಣೆ ಅನ್ನುತ್ತಾರೆ. ಬಿಳಿಯರ ಕಾಲದಲ್ಲಿ ಯಾವುದೋ ಕಂಪನಿ ಬಂದು ಅಲ್ಲಿ ಚಿನ್ನ ತೋಡಿತು, ಕೂಲಿಯವರಿಗೆ ಸಾಲುಮನೆ ಕಟ್ಟಿತು, ಕೆಲವು ವರ್ಷ ಸಣ್ಣದೊಂದು ಪೇಟೆಯ ಹಾಗೆ ಮೆರೆಯಿತು. ಆಮೇಲೆ ಸಿಕ್ಕಿದ ಚಿನ್ನ ತೋಡುವ ಖರ್ಚಿಗೂ ಸಾಲದೆ ಎಲ್ಲ ಬಿಟ್ಟು ಹೋಯಿತು. ಈಗ ದಿಣ್ಣೆಯ ಒಂದು ಮಗ್ಗುಲಲ್ಲಿ ಕಲ್ಲು ಕ್ವಾರಿ, ಇನ್ನೊಂದು ಮಗ್ಗುಲಲ್ಲಿ ಮುಳ್ಳು. ಹೋದ ಬೇಸಿಗೆಯಲ್ಲಿ ಮುಳ್ಳಿನ ಮಗ್ಗುಲಿಗೆ ಮೈಸೂರಿನಿಂದ ಮೇಘನ ಮೇಡಂ ಬಂದರು. ಹಳೆಯ ಕಾಲದ ನೆಲ ಅಗೆದು ಓದುವುದು ಅವರ ಕೆಲಸ. ಜೊತೆಗೆ ಹೇಮಶ್ರೀ, ಚಿನಕುರಳಿಯ ಬೇಸಾಯದ ಮನೆಯ ಹುಡುಗಿ, ಅವರ ಕೈಕೆಳಗೆ ಓದುತ್ತಿರುವವಳು. ಕುಳ್ಳಯ್ಯನಿಗೆ ಅಗೆಯುವ ಕೆಲಸ ಸಿಕ್ಕಿತು, ಮಂಚಮ್ಮನಿಗೆ ಮಣ್ಣು ಜರಡಿ ಹಿಡಿಯುವ ಕೆಲಸ.

ಊರವರೆಲ್ಲ ಚಿನ್ನ ಹುಡುಕುತ್ತಿದ್ದಾರೆ ಅಂದುಕೊಂಡರು. ಹುಡುಕುತ್ತಿದ್ದದ್ದು ಮಕ್ಕಳನ್ನು. ಆ ಸಾಲುಮನೆಗಳಲ್ಲಿ ಮಕ್ಕಳೂ ಇದ್ದರು, ಆಡಿದರು, ಕೆಲಸ ಮಾಡಿದರು, ಅವರ ವಿಷಯ ಯಾರೂ ಬರೆದಿಡಲಿಲ್ಲ, ನೆಲದಲ್ಲೇನಾದರೂ ಉಳಿದಿದೆಯೋ ನೋಡಬೇಕು ಅಂತ ಮೇಡಂ ಹೇಳುತ್ತಿದ್ದರು. ಉಳಿದಿತ್ತು. ಕಾಲು ಮುರಿದ ಮಣ್ಣಿನ ಬಸವ, ಒಂದು ಗೋಲಿ, ಬುಗುರಿಯ ಮೊಳೆ, ಬಳೆಚೂರು. "ಒಡ್ದೋದ್ ಬಳೆ ಬೇಕಾರೆ ನಮ್ ತಿಪ್ಪೇಲೇ ಗುಡ್ಡೆ ಅವೆ, ಬಂದ್ ತಗಂಡೋಗ್ಲಿ" ಅಂತ ಟೀ ಅಂಗಡಿಯಲ್ಲಿ ನಗಾಡಿದರು. ಮೊದಮೊದಲು ಕುಳ್ಳಯ್ಯನೂ ನಕ್ಕಿದ್ದ. ಮಣ್ಣಿನ ಬಸವನ ಹೊಟ್ಟೆಯ ಮೇಲೆ ಒತ್ತಿದ ಪುಟ್ಟ ಹೆಬ್ಬೆಟ್ಟಿನ ಗುರುತು ನೋಡಿದ ಮೇಲೆ ನಗುವುದನ್ನು ಬಿಟ್ಟ.

ಸಾಲುಮನೆಯ ಹಿಂದೆ ಲಾಂಟಾನ ಪೊದೆ ಕಡಿದಾಗ ಒಂದು ಬಿಲದ ಬಾಯಿ ಕಾಣಿಸಿತು. ನಾಯಿ ತಲೆ ತಗ್ಗಿಸಿ ಹೋಗುವಷ್ಟು ಎತ್ತರ. ಬಂಡೆಯಲ್ಲಿ ಚಿನ್ನ ಅಡಗಿರುವ ಬಿಳಿಕಲ್ಲಿನ ಪಟ್ಟಿಯ ಜಾಡು ಹಿಡಿದು ಒಳಗೆ ತೋಡಿಕೊಂಡು ಹೋಗಿದ್ದರು. ಮೇಡಂ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು ಟೇಪಿನಿಂದ ಅದರ ಎತ್ತರ ಅಳೆದರು.

"ದೊಡ್ಡವರು ಇದರೊಳಗೆ ಕೆಲಸ ಮಾಡೋಕಾಗಲ್ಲ ಹೇಮಾ," ಅಂದರು. ಕಲ್ಲಿನ ಗುಣ ತಿಳಿದವರು ಬಂದು ನೋಡುವವರೆಗೆ ತಿರುವು ದಾಟಬಾರದು ಅಂತ ಕಟ್ಟಪ್ಪಣೆ ಮಾಡಿದರು. ತಿರುವಿನವರೆಗೆ ಕುಳ್ಳಯ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋಗಿ ಮಣ್ಣು ಎಳೆಯಬಹುದು. ಅದೂ ಕ್ವಾರಿಯವರು ಬಂಡೆ ಸಿಡಿಸುವ ಹೊತ್ತಿಗೆ ಬಹಳ ಮೊದಲೇ ಆಚೆ ಬಂದಿರಬೇಕು. ಸಿಡಿತ ದಿನವೂ ಸಂಜೆಗೆ. ಸೈರನ್ ಕೂಗಿದರೆ ದಿಣ್ಣೆಯ ಮೇಲೆ ನರಪಿಳ್ಳೆ ಇರುವ ಹಾಗಿಲ್ಲ.

ಆವತ್ತು ಮೇಡಂ ಪಾಂಡವಪುರಕ್ಕೆ ಹೋಗಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಕುಳ್ಳಯ್ಯ ಒಳಗೆ ಹೊರಟ. ಹಗ್ಗ ಹೇಗೆ ಹಿಡಿಯಬೇಕು, ಜಗ್ಗಿದರೆ ಏನು ಅರ್ಥ, ಗಾಳಿ ಕೆಟ್ಟರೆ ಮೇಣದ ಬತ್ತಿ ಹೇಗೆ ಆರುತ್ತದೆ, ಎಲ್ಲವನ್ನೂ ಹೇಮಶ್ರೀಗೆ ಹೇಳಿಕೊಟ್ಟ. ಒಂದನ್ನು ಮಾತ್ರ ಹೇಳಲಿಲ್ಲ. ಮೂರು ಸಲ ಕೂಗಬೇಕು ಅನ್ನುವುದನ್ನೂ ಒಬ್ಬರಿಗೆ ಹೇಳಿಕೊಡಬೇಕು ಅಂತ ಅವನಿಗೆ ಹೊಳೆಯಲೇ ಇಲ್ಲ. ಉಸಿರಾಡಬೇಕು ಅಂತ ಯಾರಾದರೂ ಹೇಳಿಕೊಡುತ್ತಾರೆಯೇ?

ತಿರುವಿನ ಹತ್ತಿರ ಹಗ್ಗ ಕಲ್ಲಿನ ಮೂಲೆಗೆ ಸಿಕ್ಕಿಕೊಂಡಿತು. ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ತಿರುವಿನಾಚೆ ಬಿತ್ತು. ಅಲ್ಲಿ ನೆಲ ನುಣ್ಣಗಿತ್ತು, ನೆಲದಲ್ಲಿ ಏನೋ ಗುಳಿ ಗುಳಿಯಾಗಿ ಕಾಣುತ್ತಿತ್ತು. ಕುಳ್ಳಯ್ಯ ತಡೆದ. ಮೇಡಂ ಮಾತು ನೆನಪಾಯಿತು. ಆದರೆ ಗುಳಿ ಕಣ್ಣಿಗೆ ಬಿದ್ದಾಗಿತ್ತು. ಸಿಕ್ಕು ಬಿಡಿಸಿದ, ಮತ್ತೆ ಸಿಕ್ಕಿಕೊಂಡೀತು ಅಂತ ಹಗ್ಗವನ್ನೇ ಬಿಚ್ಚಿಟ್ಟ. ಬಾವಿಯಲ್ಲಿ ಎಷ್ಟೋ ಸಲ ಮಾಡಿದ ಪುಂಡಾಟ ಅದು, ಯಾವತ್ತೂ ಕೆಟ್ಟದ್ದಾಗಿರಲಿಲ್ಲ. ಹೊಟ್ಟೆಯ ಮೇಲೆ ತೆವಳಿಕೊಂಡು ತಿರುವು ದಾಟಿದ.

ಆಚೆ ಬದಿ ಕೂರುವಷ್ಟು ಎತ್ತರವಿತ್ತು, ಅದೂ ಮಕ್ಕಳು ಕೂರುವಷ್ಟು. ಗೋಡೆಯ ಗೂಡಿನಲ್ಲಿ ದೀಪದ ಮಸಿ. ಬಂಡೆಯ ಬಿರುಕಿಗೆ ಮೆತ್ತಿದ ಮಣ್ಣಿನ ಮೇಲೆ ಅಂಗೈ ಗುರುತು. ಕುಳ್ಳಯ್ಯ ತನ್ನ ಕೈ ಅದರ ಮೇಲಿಟ್ಟು ನೋಡಿದ. ಊರಿಗೆಲ್ಲ ಸಣ್ಣದಾದ ಅವನ ಕೈ ಆ ಗುರುತನ್ನು ಪೂರ್ತಿ ಮುಚ್ಚಿಬಿಟ್ಟಿತು. ಅದರಾಚೆ ಕುಸಿದ ಕಲ್ಲಿನ ಗುಡ್ಡೆ ದಾರಿಯನ್ನು ಅಡ್ಡಗಟ್ಟಿತ್ತು. ನೆಲದ ಮೇಲಿದ್ದದ್ದು ಅಳಗುಳಿ ಆಟದ ಗುಳಿಗಳು, ಬಂಡೆಯಲ್ಲೇ ಕೊರೆದವು, ಎರಡು ಸಾಲು. ಹುಣಸೆ ಬೀಜದ ಬದಲು ಬಿಳಿಕಲ್ಲಿನ ಚೂರುಗಳು. ಕೆಲವು ಗುಳಿ ತುಂಬಿದ್ದವು, ಕೆಲವು ಖಾಲಿ. ಆಟ ಮುಗಿದಿರಲಿಲ್ಲ. ಗುಳಿಗಳ ಪಕ್ಕದಲ್ಲಿ ಧೂಳಿನೊಳಗೆ ಒಂದು ಹಸಿರು ಗಾಜಿನ ಬಳೆ, ಒಡೆಯದೆ ಇತ್ತು. ಅವನ ಎರಡು ಬೆರಳಿಗೆ ಮಾತ್ರ ಹಿಡಿಯುವಷ್ಟು ಚಿಕ್ಕದು.

ಇಷ್ಟು ಇಕ್ಕಟ್ಟಿನಲ್ಲಿ, ಕತ್ತಲಲ್ಲಿ, ಕೆಲಸದ ನಡುವೆ ಕದ್ದು ಆಡಿದವರು ಯಾರು? ಆಟ ಬಿಟ್ಟು ಎಲ್ಲಿಗೆ ಎದ್ದು ಹೋದರು?

ಹೊರಗೆ ಆಗಲೇ ಆಕಾಶ ಕಪ್ಪಿಟ್ಟಿತ್ತು. ಮೇಲುಕೋಟೆಯ ಕಡೆಯಿಂದ ಗುಡುಗು ಉರುಳಿಕೊಂಡು ಬರುತ್ತಿತ್ತು. ಕ್ವಾರಿಯ ಮೇಸ್ತ್ರಿ ಮಹದೇವಸ್ವಾಮಿ ಬೈಕನ್ನು ಓಡಿಸಿಕೊಂಡು ಬಂದು ಗಾಡಿ ನಿಲ್ಲಿಸುವ ಮೊದಲೇ ಹೇಳಿದ. "ಎಲ್ರೂ ಎದ್ದು ಕೆಳಿಕೋಗ್ರವ್ವ. ಕುಳಿಗೆಲ್ಲ ಮದ್ದು ತುಂಬ್ಬುಟ್ಟೀವಿ. ಸಿಡ್ಲು ಬಂದ್ರೆ ತಾನಾಗೇ ಸಿಡೀತದೆ, ನಮ್ ಐಕ್ಳು ಅಲ್ಲೇ ಅವ್ರೆ. ಕಾಯಕ್ಕಾಗಲ್ಲ, ಈಗ್ಲೇ ಒಡೀತೀವಿ."

"ಒಳಗೆ ಕುಳ್ಳಯ್ಯಣ್ಣ ಅವ್ರೆ," ಅಂದಳು ಹೇಮಶ್ರೀ.

"ಕರೀರಿ ಮತ್ತೆ, ಬೇಗ. ನಾನ್ ಓಗಿ ಎಷ್ಟೊತ್ತು ತಡೀಬೋದೋ ತಡೀತೀನಿ." ಬೈಕು ತಿರುಗಿಸಿಕೊಂಡು ಹೋದ.

ಹೇಮಶ್ರೀ ಬಿಲದ ಬಾಯಿಗೆ ಮುಖವಿಟ್ಟು ಕೂಗಿದಳು. "ಕುಳ್ಳಯ್ಯಣ್ಣಾ."

ಒಳಗೆ ಕುಳ್ಳಯ್ಯನಿಗೆ ಕೇಳಿಸಿತು. ಬಳೆಯನ್ನು ಕೈಗೆ ತೆಗೆದುಕೊಂಡು ಹಾಗೇ ಕೂತ.

"ಕುಳ್ಳಯ್ಯಣ್ಣಾ."

ಎರಡು. ಮೊಣಕೈ ಊರಿ, ಮೈ ಹಿಂದಕ್ಕೆ ಸರಿಸಲು ಸಿದ್ಧ ಮಾಡಿಕೊಂಡು, ಮೂರನೆಯದಕ್ಕೆ ಕಾದ. ಅದು ಬರಲಿಲ್ಲ. ಮೇಲಿನಿಂದ ಒಂದಿಷ್ಟು ಪುಡಿ ಕತ್ತಿನ ಮೇಲೆ ಉದುರಿತು. ಗಾಳಿಯೋ ಏನೋ ಅಂದುಕೊಂಡ. ಹೋಗಲೋ ಬೇಡವೋ ಅಂತ ಮನಸ್ಸು ತೂಗಾಡಿತು. ಎರಡು ಕೂಗಿಗೆ ಕದಲಿದವನನ್ನು ಅವನ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮೈಯೇ ಒಪ್ಪಲಿಲ್ಲ.

ಆಚೆ ಹೇಮಶ್ರೀ ಹಗ್ಗ ಜಗ್ಗಿದಳು. ಹಗ್ಗ ಹಗುರವಾಗಿ ಬಂತು, ಬರುತ್ತಲೇ ಇತ್ತು, ಕೊನೆಗೆ ಬರಿದಾದ ತುದಿ ಅವಳ ಕಾಲ ಹತ್ತಿರ ಬಂದು ಬಿತ್ತು. ಗಾಳಿ ಕೆಟ್ಟು ಎಚ್ಚರ ತಪ್ಪಿದ್ದಾನೆ ಅಂತಲೇ ಅವಳಿಗೆ ತೋಚಿದ್ದು. ಹೇಗಾದರೂ ಸಿಡಿತ ನಿಲ್ಲಿಸಬೇಕು ಅಂತ ಎದ್ದು ಕ್ವಾರಿಯ ಕಡೆ ಓಡಿದಳು. ಅವಳು ದಿಣ್ಣೆಯ ನೆತ್ತಿ ಮುಟ್ಟುವ ಮೊದಲೇ ಸೈರನ್ ಕೂಗಿತು.

ಜರಡಿ ಹಿಡಿಯುತ್ತಿದ್ದ ಹೆಂಗಸರು ಕೆಳಗಿನ ಹುಣಸೆ ಮರದ ಹತ್ತಿರ ಮಣ್ಣು ಸುರಿಯಲು ಹೋಗಿದ್ದರು. ಸೈರನ್ ಕೇಳಿ ಎಲ್ಲರೂ ಇಳಿಜಾರು ಹಿಡಿದು ಓಡಿದರೆ ಮಂಚಮ್ಮ ಮೇಲಕ್ಕೆ ಓಡಿಬಂದಳು. ಎದುರಿಗೆ ಸಿಕ್ಕ ಹೇಮಶ್ರೀಯ ರಟ್ಟೆ ಹಿಡಿದು ನಿಲ್ಲಿಸಿದಳು.

"ಒಳ್ಗವ್ರಾ?"

"ಅವ್ರೆ ಅಕ್ಕ. ಕೂಗ್ದೆ, ಓ ಅನ್ನಲ್ಲ. ಹಗ್ಗ ಬರೀದು ಬಂತು. ಏನಾಯ್ತೋ ಗೊತ್ತಾಗ್ತಿಲ್ಲ."

"ಎಷ್ಟ್ ಸತಿ ಕೂಗ್ದೆ?"

ಹೇಮಶ್ರೀಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಎಷ್ಟ್ ಸತಿ ಕೂಗ್ದವ್ವಾ? ಸರಿಯಾಗೇಳು."

"ಎರಡು."

ಮಂಚಮ್ಮ ಅವಳನ್ನು ಬಿಟ್ಟು ಬಿಲದ ಬಾಯಿಗೆ ಓಡಿದಳು. ಮಂಡಿಯೂರಿ ಬಾಯಿ ತೆರೆದವಳು ಒಂದು ಕ್ಷಣ ತಡೆದಳು. ಮಾನಸ್ನಪ್ಪಾ ಅಂದರೆ ಅದು ಬೇರೆ ಕೂಗಾಗುತ್ತದೆ. ಲೆಕ್ಕ ಮೊದಲಿನಿಂದ ಶುರುವಾಗುತ್ತದೆ, ಗಂಡ ಇನ್ನೆರಡಕ್ಕೆ ಕಾಯುತ್ತಾ ಕೂರುತ್ತಾನೆ. ಅವನ ಬುದ್ಧಿ ಅವಳಿಗೆ ಗೊತ್ತಿತ್ತು. ಮದುವೆಯಾದಂದಿನಿಂದ ನಾಲಿಗೆಯ ಮೇಲೆ ಬಾರದ ಹೆಸರನ್ನು ಹೊಟ್ಟೆಯೊಳಗಿಂದ ಎಳೆದು ಕೂಗಿದಳು.

"ಕುಳ್ಳಯ್ಯಾ."

"ಓ."

ಒಳಗಿನಿಂದ ಬಂದ ಆ ದನಿಯಲ್ಲಿ ಅವಸರವೇ ಇರಲಿಲ್ಲ. ತಿರುವಿನಾಚೆಗೆ ಸೈರನ್ ಕೇಳಿಸಿರಲೇ ಇಲ್ಲ. ಮಂಚಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ಸೈರನ್ ಕೂಗ್ತಾ ಅದೆ, ಬಾ ಆಚಿಕೆ. ಬಂಡೆ ಒಡೀತಾವ್ರೆ."

ತಿರುಗಲು ಜಾಗವಿರಲಿಲ್ಲ. ಕುಳ್ಳಯ್ಯ ಹಿಮ್ಮುಖವಾಗಿಯೇ ತೆವಳಿದ. ತಿರುವಿನಲ್ಲಿ ಅಂಗಿ ಕಲ್ಲಿಗೆ ಸಿಕ್ಕಿ ಕುತ್ತಿಗೆ ಬಿಗಿಯಿತು. ಹರಿದುಕೊಂಡು ಬಂದ. ಬೆನ್ನಿನ ಚರ್ಮ ಕಿತ್ತುಬಂತು. ತಿರುವು ದಾಟುತ್ತಲೂ ಮೊದಲ ಸೈರನ್ ನಿಂತು ಎರಡನೆಯದು ಶುರುವಾದದ್ದು ಅವನಿಗೂ ಕೇಳಿಸಿತು, ಎರಡನೆಯದು ಮುಗಿದರೆ ಸಿಡಿತವೇ. ಕಾಲು ಬೆಳಕಿಗೆ ಬರುತ್ತಲೂ ಮಂಚಮ್ಮ ಮತ್ತು ಹೇಮಶ್ರೀ ಒಂದೊಂದು ಪಾದ ಹಿಡಿದು ದರದರ ಎಳೆದರು. ಮೂವರೂ ಸಾಲುಮನೆಯ ಮೊಂಡುಗೋಡೆಯ ಹಿಂದೆ ಬೀಳುವುದಕ್ಕೂ ನೆಲ ಅದುರುವುದಕ್ಕೂ ಸರಿಹೋಯಿತು. ಬಿಲದ ಬಾಯಿಯಿಂದ ಧೂಳು ಭುಸ್ಸೆಂದು ಹೊರಗೆ ಬಂತು. ಧೂಳು ಇಳಿದ ಮೇಲೆ ನೋಡಿದರೆ ತಿರುವೇ ಇರಲಿಲ್ಲ, ಕಲ್ಲು ಜಡಿದು ಮುಚ್ಚಿಕೊಂಡಿತ್ತು.

ಕುಳ್ಳಯ್ಯ ಮುಷ್ಟಿ ಬಿಚ್ಚಿದ. ಬಳೆ ಅವನ ಅಂಗೈಯಲ್ಲೇ ಇತ್ತು. ಇದ್ದ ಜಾಗದಿಂದ ಏನನ್ನೂ ಕದಲಿಸಬಾರದು ಅನ್ನುವುದು ಅಲ್ಲಿನ ಮೊದಲ ಪಾಠ. ಹೇಮಶ್ರೀ ಬಳೆಯನ್ನು ನೋಡಿದಳು, ಅವನ ಬೆನ್ನು ನೋಡಿದಳು, ತನ್ನ ಕರವಸ್ತ್ರ ಬಿಚ್ಚಿ ಹಾಸಿದಳು.

ಸಂಜೆ ಮೇಡಂ ಬಂದು ಕುಳ್ಳಯ್ಯ, ಹೇಮಶ್ರೀ ಇಬ್ಬರನ್ನೂ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಊರಿನಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಮಂಚಮ್ಮ ಗಂಡನ ಹೆಸರು ಹಿಡಿದು ಕೂಗಿಬಿಟ್ಟಳಂತೆ ಅಂತ ಹೆಂಗಸರು ನಲ್ಲಿಯ ಹತ್ತಿರ ಕಿಸಕ್ಕೆಂದರು. "ಬದ್ಕವ್ನಲ್ಲ, ಅನ್ಕಳಿ ಬುಡಿ," ಅಂದಳು ಮಂಚಮ್ಮ.

ಮನೆಯಲ್ಲಿ ಸೋಮಮ್ಮ ಅಳಿಯನ ಬೆನ್ನಿಗೆ ಎಣ್ಣೆ ಸವರುತ್ತಿದ್ದಳು. ಅವಳಿಗೆ ಎಂಬತ್ತು ದಾಟಿತ್ತು. ಕುಳ್ಳಯ್ಯ ಆದದ್ದನ್ನೆಲ್ಲ ಹೇಳಿದ. ಬಂಡೆಯಲ್ಲಿ ಕೊರೆದ ಗುಳಿ, ಅರ್ಧಕ್ಕೆ ನಿಂತ ಆಟ, ಹಸಿರು ಬಳೆ ಅನ್ನುವಾಗ ಬೆನ್ನ ಮೇಲಿನ ಕೈ ನಿಂತಿತು.

"ಎರಡೇ ಸತಿ ಕೂಗ್ಬುಟ್ಟು ಓಡೋದ್ಲಾ ಆ ಮಗ?"

"ಊಂ ಕಣತ್ತೆ. ಅದ್ಕೇನ್ ಗೊತ್ತು ಪಾಪ."

ಸೋಮಮ್ಮ ಎಣ್ಣೆ ಬಟ್ಟಲು ಕೆಳಗಿಟ್ಟಳು. "ನಮ್ಮಪ್ಪಂಗೆ ಒಬ್ಳು ಅಕ್ಕ ಇದ್ಲು ಕಣ್ಲಾ. ಬೈರಿ ಅಂತ. ಇಬ್ರೂ ಕಂಪ್ನಿ ದಿಣ್ಣೇಲಿ ಬಿಲದ ಕೆಲ್ಸ ಮಾಡವು. ಮೇಸ್ತ್ರಿ ಕೂಗ್ದ ಅಂದ್ರೆ ಇನ್ನಾ ಒಳಿಕ್ಕೆ ನುಗ್ರಿ ಅಂತ. ಅವನು ಎರಡ್ ಸತಿ ಕೂಗಿ ಬೇಜಾರಾಗಿ ಓಗ್ಬುಡೋನು. ಅದ್ಕೆ ಐಕ್ಳು ತಮ್ತಮ್ಮಲ್ಲೇ ಮಾತಾಡ್ಕಂಡಿದ್ವಂತೆ, ಎರಡಕ್ಕೆ ಓ ಅನ್ನಬಾರ್ದು, ನಮ್ಮೋರಾದ್ರೆ ಮೂರನೇದು ಕೂಗೇ ಕೂಗ್ತಾರೆ ಅಂತ."

ಮಂಚಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಕಂಬಕ್ಕೆ ಒರಗಿ ನಿಂತಳು.

"ಒಂದಿನ ಇಬ್ರೂ ಒಳಗೇ ಅಳಗುಳಿ ಆಡ್ತಾ ಕೂತಿದ್ರಂತೆ. ನಮ್ಮಪ್ಪ ನೀರ್ ಕುಡಿಯಕ್ಕೆ ಆಚೆ ಬಂದ. ಅಷ್ಟೊತ್ಗೆ ಮದ್ದಿಗೆ ಬೆಂಕಿ ಕೊಡೋರು ಬಂದ್ರು. ಒಳಗ್ಯಾರಾದ್ರೂ ಅವ್ರಾ ಅಂತ ಮೇಸ್ತ್ರಿ ಕೂಗ್ದ. ಎರಡ್ ಸತಿ. ಬೈರಿ ಓ ಅನ್ನಲಿಲ್ಲ. ಅವನ್ ದನಿ ಕೇಳಿ ಇನ್ನಾ ಒಳಿಕ್ಕೇ ಸರ್ಕಂಡ್ಲೋ ಏನೋ. ನಮ್ಮಪ್ಪ ಓಡ್ಬಂದು ಕೂಗಕ್ಕೆ ಬಾಯ್ ತೆಗೆದ. ಯಾರೋ ಎತ್ತಿ ಎಗಲ್ ಮೇಲಾಕ್ಕಂಡು ಓಡ್ಬುಟ್ರು. ಬಾಯ್ ತೆಗೆದಂಗೇ ಇತ್ತಂತೆ, ಕೂಗು ಆಚಿಕ್ ಬರ್ಲೇ ಇಲ್ಲ."

"ಇಷ್ಟ್ ದಿನ ಯಾಕೇಳ್ನಿಲ್ಲ ಅತ್ತೆ?"

"ಬಾವಿಗಿಳಿಯೋ ಗಂಡಸ್ರಿಗೆ ಇದ್ನೆಲ್ಲ ಏಳಬ್ಯಾಡ ಅಂದಿದ್ದ ನಮ್ಮಪ್ಪ. ಎದ್ರಕತಾರೆ ಅಂತ."

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದ ಸೋಮಮ್ಮ ಒಗೆದ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಕುಳ್ಳಯ್ಯ ಮೊಪೆಡ್ಡಿನ ಹಿಂದೆ ಮುದುಕಿಯನ್ನು ಕೂರಿಸಿ, ಬೀಳದ ಹಾಗೆ ಸೀರೆಯೊಂದರಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ನಿಧಾನಕ್ಕೆ ದಿಣ್ಣೆ ಹತ್ತಿಸಿದ.

ಹೇಮಶ್ರೀ ಕುರ್ಚಿ ತಂದಿಟ್ಟಳು. ಸೋಮಮ್ಮ ಕೂರದೆ, ನಿಂತೇ ಬೈರಿಯ ಕಥೆ ಹೇಳಿದಳು. ಮೇಘನ ಮೇಡಂ ಬಳೆಯ ಪೊಟ್ಟಣ ತಂದು ತೋರಿಸಿ, ಅದು ಯಾರದ್ದು ಅಂತ ಹೇಳಲು ಸಾಧ್ಯವಿಲ್ಲ, ಇಲ್ಲಿ ಬಹಳ ಮಕ್ಕಳು ಇದ್ದರು, ನಾನು ಸುಳ್ಳು ಹೇಳಬಾರದು ಅಂತ ಮೆಲ್ಲಗೆ ಹೇಳಿದರು. ಸೋಮಮ್ಮ ತಲೆಯಾಡಿಸಿದಳು. ಬಳೆಯನ್ನು ಮುಟ್ಟಲಿಲ್ಲ. ಮಂಚಮ್ಮನ ಭುಜ ಹಿಡಿದುಕೊಂಡು ಬಿಲದ ಬಾಯಿಯವರೆಗೂ ಹೋದಳು. ಒಳಗೆ ಕುಸಿದ ಕಲ್ಲು ಕಾಣುತ್ತಿತ್ತು.

"ಮೂರ್ ಸತಿ ಕೂಗ್ತೀಯಾ ಅತ್ತೆ?" ಅಂತ ಕೇಳಿದ ಕುಳ್ಳಯ್ಯ.

"ಯಾಕ್ಲಾ? ಎರಡು ಆಗಲೇ ಆಗೋಗದೆ."

ಮುದುಕಿ ಸೆರಗು ಸರಿಮಾಡಿಕೊಂಡು, ಉಸಿರು ತುಂಬಿಕೊಂಡು, ಕಲ್ಲಿನ ಕಡೆಗೆ ಒಂದೇ ಒಂದು ಸಲ ಕೂಗಿದಳು.

"ಬೈರೀ."

ಜರಡಿಯ ಹೆಂಗಸರೆಲ್ಲ ಕೆಲಸ ನಿಲ್ಲಿಸಿದ್ದರು. ಕ್ವಾರಿಯಲ್ಲಿ ಇನ್ನೂ ಯಂತ್ರ ಶುರುವಾಗಿರಲಿಲ್ಲ. ಕುಳ್ಳಯ್ಯನಿಗೆ ಎಲ್ಲ ತಿಳಿದಿದ್ದರೂ ಅವನ ಕಿವಿ ಬಿಲದ ಕಡೆಗೇ ಇತ್ತು. ಸ್ವಲ್ಪ ಹೊತ್ತು ಕಾದ ಮೇಲೆ ಸೋಮಮ್ಮ ತಿರುಗಿ ಮಂಚಮ್ಮನ ಕೈ ಹಿಡಿದಳು.

"ನಡೀರಿ ಮನೆಗೋಗಮ," ಅಂದಳು. "ಬತ್ತಾಳೆ."